ಬಾಯಿ ಮುಚ್ಚಿಸುವುದು, ಮನ ಒಪ್ಪಿಸುವುದು

ಉರ್ದುವಿನಲ್ಲಿ ಎರಡು ಮಾತುಗಳಿವೆ. ಎದುರಾಳಿಗೆ ಉತ್ತರವೇ ತೋಚದಂತೆ ಮಾಡಿದರೆ ಅದು 'ಲಾಜವಾಬ್ ಕರ್‌ನಾ'. ನಮ್ಮ ಮಾತು ಅವನ ಮನಸ್ಸಿಗೂ ಹೌದೆನಿಸಿದರೆ ಅದು 'ಕಾಯಿಲ್ ಕರ್‌ನಾ'. ಮೊದಲನೆಯದು ಬಾಯಿಗೆ ಸಂಬಂಧಿಸಿದ್ದು, ಎರಡನೆಯದು ಮನಸ್ಸಿಗೆ. ಒಂದನ್ನು ಮಾಡಿದವರು ಇನ್ನೊಂದನ್ನೂ ಮಾಡಿದ್ದೇವೆಂದು ಭಾವಿಸುವುದರಲ್ಲಿಯೇ ಧಾರ್ಮಿಕ ವಾಗ್ವಾದದ ದೊಡ್ಡ ಭ್ರಮೆಯಿದೆ.

ಇಂದು ಮೊಬೈಲಿನ ಪರದೆಯ ಮೇಲೆ ಹಗಲಿರುಳೂ ನಡೆಯುತ್ತಿರುವ ಧರ್ಮಚರ್ಚೆಗಳನ್ನು ನೋಡಿ. ಅವುಗಳ ಶೀರ್ಷಿಕೆಗಳೇ ಎಲ್ಲವನ್ನೂ ಹೇಳಿಬಿಡುತ್ತವೆ. ಉರ್ದುವಿನಲ್ಲಾದರೆ 'ಮುಂಹ್ ತೋಡ್ ಜವಾಬ್', ಕನ್ನಡದಲ್ಲಾದರೆ 'ಬೆವರಿಳಿಸಿದರು', 'ಬಾಯಿ ಮುಚ್ಚಿಸಿದರು'. ಗೆದ್ದವರು ಮೌಲಾನಾ ಇರಲಿ, ಸ್ವಾಮೀಜಿ ಇರಲಿ, ಪಾದ್ರಿ ಇರಲಿ, ನಾಸ್ತಿಕರೇ ಇರಲಿ, ಶೀರ್ಷಿಕೆ ಒಂದೇ. ಗಂಟೆಗಟ್ಟಲೆ ನಡೆದ ಮಾತಿನಿಂದ ಎದುರಾಳಿ ತಡವರಿಸಿದ ಕ್ಷಣವನ್ನು ಮಾತ್ರ ಕತ್ತರಿಸಿ ಹಂಚುತ್ತಾರೆ. ಹಂಚುವುದಾದರೂ ಯಾರಿಗೆ? ಎದುರು ಪಕ್ಷದವರಿಗಲ್ಲ, ತಮ್ಮವರಿಗೇ. ಬಾಯಿ ಒಡೆಯುವಂಥ ಉತ್ತರ ಕೊಟ್ಟ ಮೇಲೆ, ಆ ಒಡೆದ ಬಾಯಿಯಿಂದ ಯಾರು ತಾನೇ ಒಪ್ಪಿಗೆಯ ಮಾತು ಆಡಿಯಾರು?

ಹಾಗಾದರೆ ಇಂಥ ವಾದಗಳಿಂದ ಯಾರ ನಂಬಿಕೆಯಾದರೂ ಬದಲಾಗುತ್ತದೆಯೇ? ಈ ಪ್ರಶ್ನೆ ಇಂಟರ್ನೆಟ್ಟಿಗಿಂತ ಹಳೆಯದು. ನಮ್ಮ ದೇಶದಲ್ಲಿ ಇದಕ್ಕೆ ಉತ್ತರ ಹುಡುಕಲು ಬೇಕಾದಷ್ಟು ಸಾಮಗ್ರಿಯಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರ ಭಾರತದಲ್ಲಿ 'ಮುನಾಝರಾ' ಎಂಬ ಬಹಿರಂಗ ಧರ್ಮವಾದಗಳು ಜಾತ್ರೆಯಂತೆ ನಡೆದವು. ಅವುಗಳಲ್ಲಿ ಹೆಚ್ಚು ಹೆಸರಾದದ್ದು 1854ರ ಏಪ್ರಿಲ್ 10 ಮತ್ತು 11ರಂದು ಆಗ್ರಾದಲ್ಲಿ ನಡೆದದ್ದು.

ಒಂದು ಕಡೆ ಪಾದ್ರಿ ಕಾರ್ಲ್ ಫಾಂಡರ್. ಈತನಿಗೂ ನಮಗೂ ದೂರದ ಒಂದು ನಂಟಿದೆ. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ತಂದ ಮೋಗ್ಲಿಂಗ್, 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟ್ಟೆಲ್ ಯಾವ ಬಾಸೆಲ್ ಸಂಸ್ಥೆಯಲ್ಲಿ ಕಲಿತು ಬಂದರೋ ಫಾಂಡರ್ ಕೂಡ ಅಲ್ಲಿಯೇ ಕಲಿತವನು. ಇಸ್ಲಾಮನ್ನು ಖಂಡಿಸಿ ಆತ ಬರೆದ 'ಮೀಝಾನುಲ್ ಹಕ್' ಫಾರಸಿ ಮತ್ತು ಉರ್ದುವಿನಲ್ಲಿ ಆಗಲೇ ಹರಡಿತ್ತು. ಇನ್ನೊಂದು ಕಡೆ ಮೌಲಾನಾ ರಹ್ಮತುಲ್ಲಾ ಕೈರಾನವಿ. ಅವರ ಜೊತೆಗೆ ಇಂಗ್ಲಿಷ್ ಬಲ್ಲ ವೈದ್ಯ ಡಾ. ವಝೀರ್ ಖಾನ್. ಗ್ರಂಥಗಳ ರದ್ದತಿ, ಬೈಬಲ್ ಪಾಠದಲ್ಲಿ ಆದ ವ್ಯತ್ಯಾಸ, ತ್ರಿತ್ವ, ಪ್ರವಾದಿತ್ವ, ಕುರ್‌ಆನ್ ಹೀಗೆ ಐದು ವಿಷಯಗಳನ್ನು ಗೊತ್ತುಮಾಡಿಕೊಂಡಿದ್ದರು. ಎರಡನೆಯದನ್ನು ದಾಟುವುದಕ್ಕೇ ಆಗಲಿಲ್ಲ. ಬೈಬಲ್ ಬಗ್ಗೆ ಯುರೋಪಿನ ವಿದ್ವಾಂಸರೇ ಬರೆದ ವಿಮರ್ಶೆಗಳನ್ನು ವಝೀರ್ ಖಾನ್ ಮುಂದಿಟ್ಟಾಗ ಫಾಂಡರ್ ಕಕ್ಕಾಬಿಕ್ಕಿಯಾದ. ಪ್ರತಿ ಮಾಡುವವರ ಕೈಯಲ್ಲಿ ಕೆಲವು ಪಾಠಭೇದಗಳಾಗಿವೆ ಎಂದು ಒಪ್ಪಿದ, ಆದರೆ ಮೂಲ ಬೋಧನೆಗೆ ಅದರಿಂದ ಬಾಧೆಯಿಲ್ಲ ಎಂದ. ನಮಗೆ ಅಷ್ಟೇ ಸಾಕು ಎಂದರು ಕೈರಾನವಿ. ಎರಡು ದಿನಕ್ಕೆ ವಾದ ನಿಂತಿತು.

ನಂತರ ಏನಾಯಿತು? ಎರಡೂ ಕಡೆಯವರು ತಮ್ಮ ತಮ್ಮ ವರದಿಗಳನ್ನು ಅಚ್ಚು ಹಾಕಿಸಿದರು. ಎರಡರಲ್ಲಿಯೂ ಗೆಲುವು ಬರೆದವರದೇ. ಫಾಂಡರ್ 1865ರಲ್ಲಿ ಸಾಯುವವರೆಗೂ ಪಾದ್ರಿಯಾಗಿಯೇ ಉಳಿದ. 1857ರ ದಂಗೆಯ ನಂತರ ಮಕ್ಕಾ ಸೇರಿದ ಕೈರಾನವಿ ಅದೇ ವಾದವನ್ನು ಬೆಳೆಸಿ ಅರಬಿಯಲ್ಲಿ 'ಇಝ್‌ಹಾರುಲ್ ಹಕ್' ಬರೆದರು. ವಾದಕ್ಕೆ ನಿಂತ ಇಬ್ಬರ ನಂಬಿಕೆಯೂ ಕೂದಲೆಳೆಯಷ್ಟು ಅತ್ತಿತ್ತ ಆಗಲಿಲ್ಲ.

1876 ಮತ್ತು 1877ರಲ್ಲಿ ಶಾಹಜಹಾನ್‌ಪುರದ ಬಳಿಯ ಚಾಂದಾಪುರದಲ್ಲಿ ಕಬೀರಪಂಥದ ಜಮೀನ್ದಾರನೊಬ್ಬ 'ಮೇಲಾ ಖುದಾ ಶನಾಸಿ' ನಡೆಸಿದ. ದೇವರನ್ನು ಅರಿಯುವ ಜಾತ್ರೆ ಎಂದು ಅದರ ಅರ್ಥ. ದೇವಬಂದ್‌ನ ಮೌಲಾನಾ ಕಾಸಿಂ ನಾನೌತವಿ ಎರಡೂ ವರ್ಷ ಬಂದರು. ಎರಡನೆಯ ವರ್ಷ ಆರ್ಯ ಸಮಾಜದ ಸ್ವಾಮಿ ದಯಾನಂದರೂ ಬಂದರು, ಪಾದ್ರಿಗಳು ಇದ್ದೇ ಇದ್ದರು. ಮುಸ್ಲಿಮರ ವರದಿಯಲ್ಲಿ ಮುಸ್ಲಿಮರು ಗೆದ್ದಿದ್ದಾರೆ, ಆರ್ಯ ಸಮಾಜದ ವರದಿಯಲ್ಲಿ ಸ್ವಾಮಿಗಳು ಗೆದ್ದಿದ್ದಾರೆ. ದೇವರನ್ನು ಅರಿಯುವ ಜಾತ್ರೆಯಿಂದ ಯಾರು ಏನನ್ನು ಹೊಸದಾಗಿ ಅರಿತರು ಎಂದು ಹುಡುಕಿದರೆ ಈ ಪುಟಗಳಲ್ಲಿ ಉತ್ತರವಿಲ್ಲ.

ಕತೆ ಬರೆಯುವವನಾಗಿ ಈ ಇಡೀ ಸಾಹಿತ್ಯದ ಬಗ್ಗೆ ನನ್ನ ತಕರಾರು ಇಷ್ಟೇ. ಕತೆಯೊಳಗೆ ಬಂದ ಮನುಷ್ಯ ಬಂದಂತೆಯೇ ಹೊರಗೆ ಹೋದರೆ ಅಲ್ಲಿ ಕತೆ ಆಗಿಲ್ಲ ಎಂದೇ ಲೆಕ್ಕ. ಮುನಾಝರಾ ವರದಿಗಳಲ್ಲಿ ಯಾರೂ ಬದಲಾಗುವುದಿಲ್ಲ. ಒಂದು ಕ್ಷಣ ಅನುಮಾನಿಸಿದವನಿಲ್ಲ, ರಾತ್ರಿ ನಿದ್ದೆ ಬಾರದೆ ಹೊರಳಿದವನಿಲ್ಲ, ಎದುರಾಳಿಯ ಮಾತಿನಲ್ಲಿ ಒಂದನ್ನಾದರೂ ಮನೆಗೆ ಕೊಂಡೊಯ್ದವನಿಲ್ಲ. ಈಮಾನಿನ ಬಗ್ಗೆ ನೂರಾರು ಪುಟ ಬರೆದರೂ ಈಮಾನು ಮನುಷ್ಯನೊಳಗೆ ಹೇಗೆ ಹುಟ್ಟುತ್ತದೆ, ಹೇಗೆ ಅಲುಗುತ್ತದೆ ಎಂಬುದಕ್ಕೆ ಒಂದು ಸಾಲೂ ಸಿಗುವುದಿಲ್ಲ.

ಆದರೆ ವರದಿಯ ಹೊರಗೆ ಒಬ್ಬ ಮನುಷ್ಯ ಸಿಗುತ್ತಾನೆ. ಪಾಣಿಪತ್‌ನ ಮೌಲವಿ ಇಮಾದುದ್ದೀನ್. ಆಗ್ರಾದಲ್ಲಿ ಓದಿದವನು, ಫಾಂಡರ್‌ಗೆ ಎದುರಾಗಿ ಅಲ್ಲಿನ ಜಾಮಿಯಾ ಮಸೀದಿಯಲ್ಲಿ ಪ್ರವಚನ ಮಾಡಿದವನು. ಗೆದ್ದ ಪಕ್ಷದವನು ಎಂದೇ ಹೇಳಬೇಕು. ಆ ಮುನಾಝರಾ ನಡೆದು ಹನ್ನೆರಡು ವರ್ಷಗಳಾದ ಮೇಲೆ, 1866ರಲ್ಲಿ, ಆತ ಅಮೃತಸರದಲ್ಲಿ ಕ್ರೈಸ್ತನಾದ. ನಡುವೆ ಆತ ಸೂಫಿ ಸಾಧನೆಗಳಲ್ಲಿ ಅಲೆದ, ವೈರಾಗ್ಯ ಹಿಡಿದ, ಎಲ್ಲಿಯೂ ನೆಮ್ಮದಿ ಕಾಣದೆ ಬಳಲಿದ. ಕೊನೆಗೆ ಒಬ್ಬ ಪರಿಚಿತ ಮತಾಂತರವಾದ ಸುದ್ದಿ ಕೇಳಿ, ಖಂಡಿಸಬೇಕೆಂದೇ ಇಂಜೀಲನ್ನು ಕೈಗೆತ್ತಿಕೊಂಡು ಓದತೊಡಗಿದ. ಇದನ್ನೆಲ್ಲ ಆತನೇ ಬರೆದಿಟ್ಟಿದ್ದಾನೆ. ಈ ಹೆಸರನ್ನು ಹೇಳಲು ನಮ್ಮವರಿಗೆ ಮುಜುಗರ. ಆದರೆ ಮುಜುಗರಕ್ಕೆ ಹೆದರಿದರೆ ವಿಮರ್ಶೆ ಸಾಧ್ಯವಿಲ್ಲ. ಆತನ ಆಯ್ಕೆ ಸರಿಯೋ ತಪ್ಪೋ ಎಂಬುದು ಇಲ್ಲಿಯ ಚರ್ಚೆಯಲ್ಲ. ತನ್ನ ಪಕ್ಷ ಗೆದ್ದರೂ ಆತನ ನಂಬಿಕೆಗೆ ಅದು ಕಾವಲಾಗಲಿಲ್ಲ ಎಂಬುದು ವಿಷಯ.

ಇದಕ್ಕೆ ವಿರುದ್ಧ ದಿಕ್ಕಿನ ನಿದರ್ಶನವೂ ಇದೆ. 1926ರಲ್ಲಿ ಬರ್ಲಿನ್‌ನಲ್ಲಿ ಇಸ್ಲಾಮ್ ಸ್ವೀಕರಿಸಿ ಮುಹಮ್ಮದ್ ಅಸದ್ ಆದ ಲಿಯೋಪಾಲ್ಡ್ ವೈಸ್ ಯಾವ ವೇದಿಕೆಯಲ್ಲಿಯೂ ಸೋತು ಬಂದವನಲ್ಲ. ಪತ್ರಕರ್ತನಾಗಿ ವರ್ಷಗಟ್ಟಲೆ ಅರಬರ ನಡುವೆ ಓಡಾಡಿದ್ದ, ಅವರ ಅನ್ನ ಉಂಡಿದ್ದ. ಒಂದು ದಿನ ಬರ್ಲಿನ್‌ನ ರೈಲಿನಲ್ಲಿ, ಚೆನ್ನಾಗಿ ಉಂಡುಟ್ಟ ಜನರ ಮುಖದಲ್ಲಿಯೂ ಸಂಕಟವನ್ನೇ ಕಂಡ. ಮನೆಗೆ ಬಂದವನು ತೆರೆದಿದ್ದ ಕುರ್‌ಆನಿನಲ್ಲಿ 'ತಕಾಸುರ್' ಅಧ್ಯಾಯವನ್ನು ಓದಿದ. ಇನ್ನು ನಮ್ಮ ಮಂಗಳೂರಿನಲ್ಲಿ 1844ರಲ್ಲಿ ಕ್ರೈಸ್ತನಾದ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ ಮೋಗ್ಲಿಂಗನ ಶಾಲೆಯ ವಿದ್ಯಾರ್ಥಿ. ಒಂದೇ ಬಾಸೆಲ್‌ನಿಂದ ಬಂದ ಇಬ್ಬರಲ್ಲಿ ಒಬ್ಬ ಆಗ್ರಾದಲ್ಲಿ ಸಭೆಯ ಮುಂದೆ ವಾದಿಸಿದ, ಇನ್ನೊಬ್ಬ ಮಂಗಳೂರಿನಲ್ಲಿ ಹುಡುಗರಿಗೆ ದಿನವೂ ಪಾಠ ಹೇಳಿದ. ಮೂವರ ಕತೆಯಲ್ಲಿಯೂ ನಂಬಿಕೆ ಬದಲಾದದ್ದು ನಿಜ. ಆದರೆ ಅದು ಬದಲಾದದ್ದು ಒಂಟಿ ಓದಿನಲ್ಲಿ, ಬಹುಕಾಲದ ಒಡನಾಟದಲ್ಲಿ, ಯಾರೂ ಚಪ್ಪಾಳೆ ತಟ್ಟದ ಕಡೆಯಲ್ಲಿ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಬಗ್ದಾದಿನ ನಿಝಾಮಿಯಾ ವಿದ್ಯಾಪೀಠದ ಮಹಾವಾದಿ ಇಮಾಮ್ ಗಝಾಲಿ 1095ರಲ್ಲಿ ಆ ಪೀಠವನ್ನೇ ಬಿಟ್ಟು ಹೊರಟರು. 'ಇಹ್ಯಾ ಉಲೂಮುದ್ದೀನ್'ನ ಮೊದಲ ಭಾಗದಲ್ಲಿ ಮುನಾಝರಾದಿಂದ ಹುಟ್ಟುವ ಅಹಂಕಾರ, ಅಸೂಯೆ, ಪರನಿಂದೆಗಳನ್ನು ಅವರು ಒಂದೊಂದಾಗಿ ಎಣಿಸಿ ತೋರಿಸುತ್ತಾರೆ. ನಿಜವಾದ ಚರ್ಚೆಗೆ ಅವರು ಹಾಕುವ ಷರತ್ತುಗಳಲ್ಲಿ ಎರಡು ಇಂದಿಗೂ ಹೊಸತು. ಗಣ್ಯರ ಸಭೆಗಿಂತ ಏಕಾಂತದ ಚರ್ಚೆಯೇ ವಾದಿಗೆ ಹೆಚ್ಚು ಪ್ರಿಯವಾಗಿರಬೇಕು. ಕಳೆದುಹೋದ ವಸ್ತುವನ್ನು ಹುಡುಕುವವನಂತೆ, ಅದು ತನ್ನ ಕೈಗೆ ಸಿಕ್ಕರೂ ಎದುರಾಳಿಯ ಕೈಗೆ ಸಿಕ್ಕರೂ ಅವನಿಗೆ ಒಂದೇ ಸಂತೋಷವಾಗಬೇಕು. ಭಾರತೀಯ ನ್ಯಾಯಶಾಸ್ತ್ರವೂ ಸತ್ಯ ತಿಳಿಯಲು ಮಾಡುವ 'ವಾದ', ಗೆಲ್ಲಲು ಮಾಡುವ 'ಜಲ್ಪ', ಬರೀ ಖಂಡಿಸುವ 'ವಿತಂಡ' ಎಂದು ಮೂರನ್ನು ಬೇರೆ ಮಾಡಿಟ್ಟಿದೆ. ಮೂರನೆಯದರ ಹೆಸರು ಮಾತ್ರ ಕನ್ನಡದಲ್ಲಿ ಮನೆಮಾತಾಗಿ ಉಳಿದಿದೆ.

ಇತ್ತೀಚಿನ ಸಂಶೋಧನೆಗಳೂ ಇದೇ ಕಡೆಗೆ ಕೈ ತೋರುತ್ತಿವೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಟ್ವಿಟರ್ ಬಳಕೆದಾರರಿಗೆ ಒಂದು ತಿಂಗಳು ವಿರುದ್ಧ ಪಕ್ಷದ ಮಾತುಗಳನ್ನು ಓದಿಸಿದರು. ರಿಪಬ್ಲಿಕನ್ನರು ತಮ್ಮ ಹಳೆಯ ನಿಲುವಿನಲ್ಲಿಯೇ ಇನ್ನಷ್ಟು ಗಟ್ಟಿಯಾದರು, ಡೆಮಾಕ್ರಾಟರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. 2024ರ ಇನ್ನೊಂದು ಅಧ್ಯಯನದಲ್ಲಿ ಪಿತೂರಿ ಕತೆಗಳನ್ನು ನಂಬುವ ಎರಡು ಸಾವಿರಕ್ಕೂ ಹೆಚ್ಚು ಜನರು ಕಂಪ್ಯೂಟರಿನ ಕೃತಕ ಬುದ್ಧಿಮತ್ತೆಯೊಡನೆ ಒಬ್ಬೊಬ್ಬರೇ ಮಾತಾಡಿದರು. ಅವರ ನಂಬಿಕೆ ಸರಾಸರಿ ಶೇ. 20ರಷ್ಟು ತಗ್ಗಿತು, ಎರಡು ತಿಂಗಳ ನಂತರವೂ ಹಾಗೆಯೇ ಇತ್ತು. ರಾಜಕೀಯವೂ ಪಿತೂರಿ ಕತೆಯೂ ಧರ್ಮವಲ್ಲ, ನಿಜ. ಆದರೂ ಎರಡನೆಯ ಪ್ರಯೋಗದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಯಂತ್ರದ ಜಾಣತನವಲ್ಲ. ಅಲ್ಲಿ ಪ್ರತಿಯೊಬ್ಬರಿಗೂ ಅವರವರು ಹೇಳಿದ ಕಾರಣಕ್ಕೇ ಉತ್ತರ ಸಿಕ್ಕಿತು. ಸೋತರೆ ನೋಡಿ ನಗುವವರು ಯಾರೂ ಇರಲಿಲ್ಲ.

ಹಾಗೆಂದು ಬಹಿರಂಗ ವಾದದಿಂದ ಏನೂ ಬದಲಾಗುವುದಿಲ್ಲ ಎನ್ನಲಾಗದು. ಬದಲಾಗುವುದು ಎರಡಿವೆ. ಮೊದಲನೆಯದು ನಂಬುವ ರೀತಿ. ನಮಾಝು, ಉಪವಾಸ, ನೆರೆಯವರ ಹಕ್ಕು ಎಂದು ಬದುಕಿನಲ್ಲಿ ಹರಡಿಕೊಂಡಿದ್ದ ದೀನ್, ವಾದಿಯ ಕೈಯಲ್ಲಿ ದಲೀಲುಗಳ ಪಟ್ಟಿಯಾಗಿ ಕುಗ್ಗುತ್ತದೆ. ಎದುರಾಳಿ ಕೇಳಿದ ಪ್ರಶ್ನೆಗಳಷ್ಟೇ ಧರ್ಮದ ಮುಖ್ಯ ವಿಷಯಗಳಾಗುತ್ತವೆ. ಅವನು ಕೇಳದೆ ಬಿಟ್ಟ ದಯೆ, ನ್ಯಾಯ, ಸಹನೆಗಳು ಹಿಂದೆ ಸರಿಯುತ್ತವೆ.

ಎರಡನೆಯದು ನೆರೆಯವನನ್ನು ನೋಡುವ ಕಣ್ಣು. ಇದರ ಬೆಲೆಯನ್ನು ಪಂಜಾಬ್ ತೆತ್ತಿದೆ. ಆರ್ಯ ಸಮಾಜಿಗಳು ಮತ್ತು ಮುಸ್ಲಿಮರು ದಶಕಗಳ ಕಾಲ ಒಬ್ಬರ ಮೇಲೊಬ್ಬರು ಕರಪತ್ರ ಬರೆಯುತ್ತ ಹೋಗಿ, 1924ರಲ್ಲಿ ಲಾಹೋರಿನಲ್ಲಿ ಪ್ರವಾದಿಯವರನ್ನು ಹೀನಾಯವಾಗಿ ಚಿತ್ರಿಸಿದ ಪುಸ್ತಿಕೆಯೊಂದು ಹೊರಬಂತು. 1927ರಲ್ಲಿ ಹೈಕೋರ್ಟ್ ಪ್ರಕಾಶಕ ರಾಜಪಾಲನನ್ನು ಬಿಟ್ಟಿತು. ಅದೇ ವರ್ಷ ಸರಕಾರ ದಂಡ ಸಂಹಿತೆಗೆ 295ಎ ಕಲಮನ್ನು ಸೇರಿಸಿತು. 1929ರಲ್ಲಿ ಇಲ್ಮುದ್ದೀನ್ ಎಂಬ ಯುವಕ ರಾಜಪಾಲನನ್ನು ಕೊಂದ, ತಾನೂ ನೇಣಿಗೇರಿದ. ಪುಸ್ತಿಕೆಯ ಹೀನತನಕ್ಕೆ ಕೊಲೆ ಉತ್ತರವಾಗಲಿಲ್ಲ, ಆಗಲಾರದು. ಲಾಜವಾಬ್ ಮಾಡುವ ಹಟ ಕೊನೆಗೆ ಎದುರಾಳಿಯ ಉಸಿರನ್ನೇ ನಿಲ್ಲಿಸಿತು. ಒಬ್ಬನ ನಂಬಿಕೆಯೂ ಇದರಿಂದ ತಿದ್ದಲ್ಪಡಲಿಲ್ಲ, ಎರಡು ಮನೆಗಳು ಮಾತ್ರ ಹಾಳಾದವು.

ಹಾಗಾದರೆ ಸುಮ್ಮನಿರಬೇಕೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಸುಳ್ಳು ಹರಡಿದಾಗ ಸುಮ್ಮನಿದ್ದರೆ ಸುಳ್ಳೇ ಉಳಿಯುತ್ತದೆ. ಮನೆಯಲ್ಲಿಯೂ ಮಸೀದಿಯಲ್ಲಿಯೂ ಕೇಳಲಾಗದ ಪ್ರಶ್ನೆಯನ್ನು ಹೊತ್ತು ನಡುರಾತ್ರಿ ಮೊಬೈಲಿನಲ್ಲಿ ಉತ್ತರ ಹುಡುಕುವ ಹುಡುಗ ಹುಡುಗಿಯರೂ ಇದ್ದಾರೆ. ಅವರು ವಾದಕ್ಕೆ ಇಳಿಯುವುದಿಲ್ಲ, ಯಾರ ಪರವಾಗಿಯೂ ಕೂಗುವುದಿಲ್ಲ, ಓದಿ ಸುಮ್ಮನಾಗುತ್ತಾರೆ. ಇಮಾದುದ್ದೀನ್ ಇದ್ದದ್ದು ಅಂಥವರ ಸಾಲಿನಲ್ಲಿ. ವಾದಿಗಳು ಒಬ್ಬರನ್ನೊಬ್ಬರು ನೋಡುತ್ತಿರುವಾಗ ಅವರು ವಾದಿಗಳನ್ನು ನೋಡುತ್ತಿರುತ್ತಾರೆ. ಯಾರ ದಲೀಲು ಗಟ್ಟಿ ಎಂಬುದರ ಜೊತೆಗೆ ಯಾರ ನಾಲಗೆ ಹೊಲಸು, ಯಾರು ತಿಳಿಯದ್ದನ್ನು ತಿಳಿಯದು ಎಂದರು, ಯಾರು ಎದುರಾಳಿಯ ಒಳ್ಳೆಯ ಮಾತನ್ನು ಒಪ್ಪಿದರು ಎಂಬುದನ್ನೂ ಲೆಕ್ಕ ಹಾಕುತ್ತಿರುತ್ತಾರೆ.

ಆದ್ದರಿಂದ ಉತ್ತರ ಕೊಡಬೇಕಾದವರು ಆ ಮೌನಿ ಓದುಗರಿಗಾಗಿ ಬರೆಯಲಿ. ಎದುರಾಳಿಯ ಮಾತನ್ನು ಅವನೇ ಒಪ್ಪುವಂತೆ ಮೊದಲು ಹೇಳಲಿ, ಆಮೇಲೆ ತಮ್ಮದನ್ನು ಹೇಳಲಿ. ಧರ್ಮವಾದದ ಯಾವುದೇ ವಿಡಿಯೋ ಕೈಗೆ ಬಂದಾಗ ಅದನ್ನು ಮುಂದಕ್ಕೆ ಕಳಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಇದನ್ನು ನನ್ನ ಪಕ್ಕದ ಮನೆಯ ಹಿಂದೂ ಅಥವಾ ಕ್ರೈಸ್ತ ಗೆಳೆಯನ ಜೊತೆ ಕೂತು ನೋಡಬಲ್ಲೆನೇ? ಇಲ್ಲ ಎಂದಾದರೆ ಅದನ್ನು ಯಾರ ಮನ ಒಪ್ಪಿಸಲೂ ಮಾಡಿದ್ದಲ್ಲ, ನಮ್ಮನ್ನು ನಾವೇ ಮೆಚ್ಚಿಕೊಳ್ಳಲು ಮಾಡಿದ್ದು.