ಇನ್ನೊಂದು ಜೀವ

ಕ್ಯಾಂಡಿ ಕ್ರಶ್ ಸಾಗಾ ಎಂಬ ಆಟ ಹುಟ್ಟಿದ್ದು 2012ರಲ್ಲಿ. ಹಿರೀಸಾವೆಯ ನಮ್ಮ ಮನೆಗೆ ಅದನ್ನು ತಂದವಳು ಮಗಳು. ಚಟ ಹತ್ತಿದ್ದು ನನಗೆ. ನಿಮ್ಮಲ್ಲೂ ಹಲವರು ಆಡಿರುತ್ತೀರಿ. ಚೌಕದ ಮನೆಗಳಲ್ಲಿ ಒಂದೇ ಬಣ್ಣದ ಮೂರು ಮಿಠಾಯಿ ಸಾಲಾಗಿ ಕೂಡಿದರೆ ಅವು ಮಾಯವಾಗುತ್ತವೆ, ಮೇಲಿನಿಂದ ಹೊಸವು ಉದುರುತ್ತವೆ. ದಿನವಿಡೀ ಉತ್ತರಪತ್ರಿಕೆ ತಿದ್ದಿದ ಕಣ್ಣಿಗೆ ಆ ಬಣ್ಣಗಳು ಹಿತವೆಂಬುದು ಸುಳ್ಳಲ್ಲ.

ಆದರೆ ಆ ಆಟದ ನಿಜವಾದ ಜಾಣತನ ಬಣ್ಣದಲ್ಲಿಲ್ಲ, ಜೀವಗಳ ಲೆಕ್ಕದಲ್ಲಿದೆ. ಇರುವುದು 5 ಜೀವ. ಸೋತಾಗ ಒಂದು ಹೋಗುತ್ತದೆ. ಅದು ಮರಳಲು 30 ನಿಮಿಷ ಕಾಯಬೇಕು; ಇಲ್ಲವೇ ಗೆಳತಿಯರನ್ನು ಬೇಡಬೇಕು, ದುಡ್ಡು ತೆರಬೇಕು. ಕಾಯುವಾಗಲೂ ಮನಸ್ಸು ಅಲ್ಲೇ.

ನಮ್ಮ ಚೌಕಾಬಾರವೂ 25 ಮನೆಗಳ ಆಟವೇ. ಅಲ್ಲೂ ಅದೃಷ್ಟ ಕವಡೆಯ ಕೈಯಲ್ಲಿ. ಆದರೆ ಕಾಯಿ ಕಡಿದವರು ಎದುರಿಗೇ ಕೂತಿರುತ್ತಾರೆ. ಮುನಿಸು, ನಗು ಎರಡೂ ಅಲ್ಲೇ ತೀರುತ್ತವೆ. ಫೋನಿನಲ್ಲಿ ಸೋತರೆ ಮುನಿಸಿಕೊಳ್ಳಲೂ ಯಾರಿಲ್ಲ.

ಮೊನ್ನೆ ಎಂಬತ್ತು ದಾಟಿದ ಅಮ್ಮ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, "ಬಾರೇ, ಒಂದಾಟ ಆಡೋಣ" ಎಂದಳು.

"ಇರಮ್ಮ, ಇನ್ನೊಂದು ಜೀವ ಉಳಿದಿದೆ" ಎಂದೆ.

"ನಂಗಿರೋದೂ ಒಂದೇ ಕಣೇ" ಎಂದಳು.

ಫೋನು ಕೆಳಗಿಟ್ಟು ಕವಡೆ ಹುಡುಕಿದೆ.