ಕಾರಂತರ ಕಿವಿ

ಶಿವರಾತ್ರಿ ಹತ್ತಿರವಾದಾಗ ಮಧುವನಹಳ್ಳಿಯ ದಾರಿಯಲ್ಲಿ ನಿಂತರೆ, ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಟವರ ಸಾಲು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಪದದ ಸೊಲ್ಲು ಮುಗಿದಲ್ಲಿ ಕಂಸಾಳೆಯ ಏಟು, ಕಂಚಿನ ನಾದ ಕರಗುವ ತನಕ ಒಂದು ಬಿಡುವು, ಆಮೇಲೆ ಮತ್ತೆ ಸೊಲ್ಲು. ಆ ಬಿಡುವೂ ಹಾಡಿನ ಭಾಗವೇ ಎಂದು ಕೊಳ್ಳೇಗಾಲ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಿ.ವಿ. ಕಾರಂತರ ಸಿನಿಮಾ ಸಂಗೀತ ಕೇಳುವುದಕ್ಕೆ ಬೇಕಾದದ್ದು ಇಂಥ ಕಿವಿ.

ಈ ಸೀಮೆಗೂ ಕಾರಂತರಿಗೂ ನಡುವೆ ಗುಬ್ಬಿ ಕಂಪನಿಯಿದೆ. ಕೊಳ್ಳೇಗಾಲ ತಾಲ್ಲೂಕಿನ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಆ ಕಂಪನಿಯ ನಟರು. ಅವರ ಮಗ ಮುತ್ತುರಾಜ ಅಲ್ಲೇ ಬಣ್ಣ ಹಚ್ಚಿ ಮುಂದೆ ರಾಜ್‌ಕುಮಾರ್ ಆದರು. ಅವರು ಹುಟ್ಟಿದ 1929ರಲ್ಲೇ ಬಂಟ್ವಾಳದ ಮಂಚಿಯಲ್ಲಿ ಹುಟ್ಟಿದ ಬಾಬುಕೋಡಿ ವೆಂಕಟರಮಣ ಕಾರಂತರೂ ಎಳೆಯ ವಯಸ್ಸಿನಲ್ಲಿ ಸೇರಿದ್ದು ಅದೇ ಕಂಪನಿಯನ್ನು. ಒಂದೇ ಅಂಗಳದಲ್ಲಿ ಬೆಳೆದ ಇಬ್ಬರಲ್ಲಿ ಒಬ್ಬರು ಕನ್ನಡ ಸಿನಿಮಾಕ್ಕೆ ಕಂಠ ಕೊಟ್ಟರು, ಇನ್ನೊಬ್ಬರು ಕಿವಿ ಕೊಟ್ಟರು. ಕಂಪನಿಯ ಒಡೆಯ ಗುಬ್ಬಿ ವೀರಣ್ಣನವರ ನೆರವಿನಿಂದ ಕಾಶಿಗೆ ಹೋದ ಕಾರಂತರು ಹಿಂದಿಯಲ್ಲಿ ಎಂ.ಎ. ಮಾಡಿದರು, ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತ ಕಲಿತರು. ಅಲ್ಲಿಂದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ಮುಂದೆ ಅದೇ ಶಾಲೆಗೆ ನಿರ್ದೇಶಕರಾದರು, ಭೋಪಾಲದಲ್ಲಿ ರಂಗಮಂಡಲ ಕಟ್ಟಿದರು, 1989ರಲ್ಲಿ ಮೈಸೂರಿಗೆ ಬಂದು ರಂಗಾಯಣ ಕಟ್ಟಿದರು. ಆ ರಂಗಭೂಮಿಯ ಕಥೆ ಬಹಳ ಸಲ ಬರೆಯಲ್ಪಟ್ಟಿದೆ. ಅದರ ನೆರಳಿನಲ್ಲಿ ಅವರ ಸಿನಿಮಾ ಕೆಲಸ ಸ್ವಲ್ಪ ಮಸುಕಾಗಿದೆ ಎಂಬ ಕೊರಗು ನನ್ನದು.

1971ರ ‘ವಂಶವೃಕ್ಷ’ವನ್ನು ಗಿರೀಶ ಕಾರ್ನಾಡರ ಜೊತೆ ನಿರ್ದೇಶಿಸಿದರು, ಅದಕ್ಕೆ ಸಂಗೀತ ಭಾಸ್ಕರ ಚಂದಾವರ್ಕರ್ ಅವರದು. ಕಾರ್ನಾಡರು ‘ಕಾಡು’ ಮಾಡಿದಾಗ ಕಾರಂತರು ಸಂಗೀತಕ್ಕೆ ಕುಳಿತರು. 1975ರ ‘ಚೋಮನ ದುಡಿ’ಯಲ್ಲಿ ನಿರ್ದೇಶನವೂ ಅವರದೇ, ಸಂಗೀತವೂ ಅವರದೇ. ಶಿವರಾಮ ಕಾರಂತರ ಕಾದಂಬರಿಯಲ್ಲೇ ದುಡಿ ಇದೆ, ನಿಜ. ಆದರೆ ಓದುವಾಗ ದುಡಿಯ ಸದ್ದನ್ನು ನಾವು ಊಹಿಸಿಕೊಳ್ಳುತ್ತೇವೆ. ಸಿನಿಮಾದಲ್ಲಿ ಅದನ್ನು ಕೇಳಿಸಲೇಬೇಕು. ತುಂಡು ನೆಲ ಉಳುವ ಆಸೆ ಹೊತ್ತ, ಉಳುವ ಹಕ್ಕಿಲ್ಲದ ದಲಿತ ಚೋಮ ಸಂತೋಷಕ್ಕೂ ಬಡಿಯುವುದು ಅದನ್ನೇ, ಸಿಟ್ಟಿಗೂ ಅದನ್ನೇ, ಮಕ್ಕಳನ್ನು ಕಳೆದುಕೊಂಡ ಸಂಕಟಕ್ಕೂ ಅದನ್ನೇ. ಬೇರೆ ಯಾರಾದರೂ ಆಗಿದ್ದರೆ ಆ ಸಂಕಟದ ಮೇಲೆ ಪಿಟೀಲುಗಳ ಸಾಲನ್ನೇ ಸುರಿಯುತ್ತಿದ್ದರು. ಕಾರಂತರು ಚೋಮನ ಕೈಯಲ್ಲಿದ್ದ ವಾದ್ಯವನ್ನೇ ನಂಬಿದರು. ಚೋಮ ದುಡಿ ಬಡಿಯುತ್ತಲೇ ಜೀವ ಬಿಡುವಾಗ ನಮ್ಮನ್ನು ಅಲ್ಲಾಡಿಸುವುದು ಸಂಗೀತವೋ ಕಥೆಯೋ ಎಂದು ಬೇರ್ಪಡಿಸಲು ಆಗುವುದಿಲ್ಲ. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು, ಚಿತ್ರಕ್ಕೆ ಸ್ವರ್ಣಕಮಲ. ಆ ನಟನೆಯ ಅರ್ಧ ಜೀವ ದುಡಿಯ ಲಯದಲ್ಲಿದೆ ಎಂದರೆ ವಾಸುದೇವರಾಯರ ದೊಡ್ಡತನವೇನೂ ಕಡಿಮೆಯಾಗದು.

ಎರಡು ವರ್ಷಗಳ ನಂತರ ಕಾರಂತರ ಸಹನಿರ್ದೇಶನದಲ್ಲಿ ಬಂದ ‘ತಬ್ಬಲಿಯು ನೀನಾದೆ ಮಗನೆ’ ನನಗೆ ಅಷ್ಟು ಹಿಡಿಸುವುದಿಲ್ಲ. ಅಲ್ಲಿ ವಾದವೇ ಮುಂದೆ ನಿಲ್ಲುತ್ತದೆ.

ನಿರ್ದೇಶಕ ಕಾರಂತರಿಗಿಂತ ಸಂಗೀತ ಸಂಯೋಜಕ ಕಾರಂತರು ದೊಡ್ಡವರು ಎನ್ನುವುದು ನನ್ನ ತೀರ್ಮಾನ. ‘ಋಷ್ಯಶೃಂಗ’ಕ್ಕೆ 1976ರ, ‘ಘಟಶ್ರಾದ್ಧ’ಕ್ಕೆ 1977ರ ರಾಷ್ಟ್ರಪ್ರಶಸ್ತಿ, ಎರಡೂ ಸಂಗೀತ ನಿರ್ದೇಶನಕ್ಕೆ, ಒಂದರ ಹಿಂದೊಂದು. ಕಂಬಾರರ ನಾಟಕದಿಂದ ಬಂದ ‘ಋಷ್ಯಶೃಂಗ’ಕ್ಕೆ ಜನಪದದ ಆವೇಶ ಬೇಕಿತ್ತು, ಅಗ್ರಹಾರದ ವೇದಪಾಠದ ನಡುವೆ ಒಬ್ಬ ವಿಧವೆ ಒಂಟಿಯಾಗುವ ‘ಘಟಶ್ರಾದ್ಧ’ಕ್ಕೆ ಬೇಕಿದ್ದದ್ದು ಕೈ ಹಿಡಿದುಕೊಳ್ಳುವ ಸಂಯಮ. ಎರಡನ್ನೂ ಒಬ್ಬರೇ ಕೊಟ್ಟರು. ಕಂಪನಿ ನಾಟಕದಲ್ಲಿ ಪಳಗಿದವರಿಗೆ ಸದ್ದು ತುಂಬಿಸುವುದು ಸುಲಭ, ತಡೆಯುವುದೇ ಕಷ್ಟ. ಆದ್ದರಿಂದಲೇ ಆ ಸಂಯಮದ ಬಗ್ಗೆ ನನಗೆ ಇಷ್ಟು ಗೌರವ.

ಬಂಗಾಳಿ ನಿರ್ದೇಶಕ ಮೃಣಾಲ್ ಸೇನರೂ ಇದನ್ನು ಗುರುತಿಸಿದ್ದಿರಬೇಕು. ದುಡಿಯುವ ಮಗಳು ಒಂದು ರಾತ್ರಿ ಮನೆಗೆ ಬಾರದ ‘ಏಕ್ ದಿನ್ ಪ್ರತಿದಿನ್’, ಮನೆಗೆಲಸದ ಹುಡುಗನೊಬ್ಬ ಸತ್ತುಹೋಗುವ ‘ಖಾರಿಜ್’, ಎರಡಕ್ಕೂ ಸಂಗೀತ ಕಾರಂತರದು. ಕಲ್ಕತ್ತೆಯ ಮಧ್ಯಮವರ್ಗದ ಇಕ್ಕಟ್ಟಾದ ಮನೆಗಳಿಗೆ ಮಂಚಿಯ ಕಿವಿ ಹೊಂದಿಕೊಂಡಿತು. ಈಗಿನ ಕನ್ನಡ ಚಿತ್ರಗಳಲ್ಲಿ ಬಾಗಿಲು ತೆರೆದರೂ ಹಿನ್ನೆಲೆ ಸಂಗೀತ ಗುಡುಗುತ್ತದೆ. ಅದನ್ನು ಬೆರೆಸುವ ಯುವಕರು ‘ಖಾರಿಜ್’ ಅನ್ನು ಒಮ್ಮೆ ಕೂತು ಕೇಳಲಿ ಎಂದು ಮನಸಾರೆ ಕೇಳಿಕೊಳ್ಳುತ್ತೇನೆ.

ಕಾರಂತರು ತೀರಿಕೊಂಡದ್ದು 2002ರ ಸೆಪ್ಟೆಂಬರ್ 1ರಂದು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಹಳೆಯ ಪ್ರತಿಗಳ ಕರಕರ ಸದ್ದಿನಡಿ ಇಷ್ಟು ಕಾಲ ಅವರ ಸಂಗೀತವನ್ನು ಅರೆಬರೆ ಕೇಳಿದವರು ನಾವು. ಆ ಹೊಸ ಪ್ರತಿ ಮೈಸೂರಿಗೂ ಚಾಮರಾಜನಗರಕ್ಕೂ ಬರಬೇಕು, ಒಳ್ಳೆಯ ಸ್ಪೀಕರುಗಳಿರುವ ಸಭಾಂಗಣದಲ್ಲಿ ತೋರಿಸಬೇಕು. ಕೊಳ್ಳೇಗಾಲದಿಂದ ಬಸ್ಸು ಹತ್ತಿ ಹೋಗಲು ನಾನಂತೂ ಸಿದ್ಧ.