ಕುಟುಂಬದ ಭಾವಚಿತ್ರವೂ ಭವಭೂತಿಯ ಚಿತ್ರದರ್ಶನವೂ

ಮನುಷ್ಯನ ಮುಖವನ್ನು ಯಂತ್ರದಿಂದ ಹಿಡಿದಿಟ್ಟ ಪಟಕ್ಕೆ ಕನ್ನಡದಲ್ಲಿ ಎರಡು ಹೆಸರುಗಳು ರೂಢಿಯಲ್ಲಿರುವುವು. ಒಂದು ಛಾಯಾಚಿತ್ರ, ಇನ್ನೊಂದು ಭಾವಚಿತ್ರ. ಮೊದಲನೆಯದು ಪಟವು ಹುಟ್ಟುವ ಬಗೆಯನ್ನು ತಿಳಿಸುವುದು. ಎರಡನೆಯದು ನೋಡುವವನ ಮನಸ್ಸಿನಲ್ಲಿ ಅದು ಉಂಟುಮಾಡುವುದನ್ನು ತಿಳಿಸುವುದು. ಬಳಕೆಯಲ್ಲಿ ಇವೆರಡೂ ಪರ್ಯಾಯಪದಗಳಂತೆ ಓಡಾಡುತ್ತಿದ್ದರೂ ಅರ್ಥದಲ್ಲಿ ಒಂದಲ್ಲ. ಛಾಯಾಚಿತ್ರವು ಯಾವಾಗ ಭಾವಚಿತ್ರವಾಗುವುದು, ಯಾವಾಗ ಆಗದೆ ಉಳಿಯುವುದು ಎಂಬುದು ಮನೆಮನೆಯ ಪಟಗಳ ವಿಷಯದಲ್ಲಿ ವಿಚಾರಾರ್ಹವಾದ ಪ್ರಶ್ನೆ.

ಈ ಭೇದವು ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಅಭಿಲಷಿತಾರ್ಥಚಿಂತಾಮಣಿ’ಯಲ್ಲಿ ಚಿತ್ರಗಳನ್ನು ವಿಂಗಡಿಸುವಾಗ, ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬದಂತೆ ಸಾದೃಶ್ಯವುಳ್ಳದ್ದನ್ನು ವಿದ್ಧಚಿತ್ರವೆಂದೂ, ನೋಡಿದ ಮಾತ್ರದಿಂದಲೇ ಶೃಂಗಾರಾದಿ ರಸಗಳು ತೋರುವಂಥದನ್ನು ಭಾವಚಿತ್ರವೆಂದೂ ಕರೆದಿರುವನು. ಆ ಲಕ್ಷಣದಂತೆ ಇಂದಿನ ಛಾಯಾಚಿತ್ರವು ವಿದ್ಧಚಿತ್ರವೇ ಹೊರತು ಭಾವಚಿತ್ರವಲ್ಲ. ಕನ್ನಡಿಗರು ವಿದ್ಧಕ್ಕೆ ಭಾವದ ಹೆಸರನ್ನಿಟ್ಟಿರುವರು. ಇದು ಬರಿಯ ಪ್ರಮಾದವೆಂದು ತಳ್ಳಿಬಿಡುವ ಮೊದಲು, ಮನೆಗಳಲ್ಲಿ ಈ ಪಟಗಳು ಹೇಗೆ ಬಾಳುವುವು ಎಂಬುದನ್ನು ನೋಡಬೇಕಾಗಿದೆ.

ಬೆಂಗಳೂರಿನ ದಕ್ಷಿಣಭಾಗವು ಇದಕ್ಕೆ ಒಳ್ಳೆಯ ಉದಾಹರಣೆ. 1898ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿ, 1948ರಲ್ಲಿ ಆರಂಭವಾದ ಜಯನಗರ, ಆಮೇಲೆ ಹರಡಿದ ಬನಶಂಕರಿ ಮತ್ತು ಜಯಪ್ರಕಾಶನಗರ, ಬೈರಸಂದ್ರ ತಾವರೆಕೆರೆ ಮಡಿವಾಳಗಳ ಮೊದಲಕ್ಷರಗಳಿಂದ ಹೆಸರು ಪಡೆದ ಬಿ.ಟಿ.ಎಂ. ಬಡಾವಣೆ, ಇವೆಲ್ಲ ಬೇರೆ ಬೇರೆ ಊರುಗಳಿಂದ ಬಂದ ಕುಟುಂಬಗಳು ಹೊಸದಾಗಿ ಮನೆ ಹೂಡಿದ ಸ್ಥಳಗಳು. ಹಳ್ಳಿಯ ತೊಟ್ಟಿಮನೆಯಲ್ಲಿ ಹಿರಿಯರ ನೆನಪನ್ನು ಕಂಬ, ಜಗಲಿ, ಬಾವಿಕಟ್ಟೆಗಳೇ ಇಟ್ಟುಕೊಂಡಿದ್ದುವು. ನಿವೇಶನದಲ್ಲಿ ಕಟ್ಟಿದ ಹೊಸಮನೆಗೆ ಅಂಥ ನೆನಪಿಲ್ಲ. ಅಲ್ಲಿ ನಡುಮನೆಯ ಗೋಡೆಗೆ ತೂಗಿದ ಪಟಗಳೂ ಬೀರುವಿನಲ್ಲಿಟ್ಟ ಆಲ್ಬಮ್ಮೂ ಆ ಕೆಲಸವನ್ನು ಹೊತ್ತುವು.

ಈ ಪಟಗಳ ಕ್ರಮವನ್ನು ಗಮನಿಸಿದರೆ ಅದು ಬಹುಮಟ್ಟಿಗೆ ಸಂಸ್ಕಾರಗಳ ಕ್ರಮವೇ ಆಗಿರುವುದು. ಬೋರಲು ಬಿದ್ದು ತಲೆಯೆತ್ತಿದ ಮಗು; ಕೃಷ್ಣವೇಷದ ಹುಡುಗ; ಉಪನಯನದ ವಟು; ಜಾತಕದ ಜೊತೆಗೆ ವರನ ಕಡೆಗೆ ಕಳುಹಿಸಲೆಂದು ತೆಗೆಸಿದ ಕನ್ಯೆಯ ಒಂಟಿ ಪಟ; ಮದುವೆ, ಸೀಮಂತ, ಗೃಹಪ್ರವೇಶ, ಕೊನೆಗೆ ಷಷ್ಟ್ಯಬ್ದಪೂರ್ತಿ. ಇವುಗಳಲ್ಲಿ ವಿಶೇಷವಾಗಿ ಹೇಳಬೇಕಾದದ್ದು ಮೊಗ್ಗಿನ ಜಡೆಯ ಪಟ. ಮಲ್ಲಿಗೆಯ ಕಾಲದಲ್ಲಿ ಹೆಣ್ಣುಮಗುವಿಗೆ ಜಡೆ ಹೆಣೆದು, ಸೀರೆಯುಡಿಸಿ, ಸ್ಟುಡಿಯೋಗೆ ಕರೆದೊಯ್ದು, ಬೆನ್ನಹಿಂದೆ ನಿಲುವುಗನ್ನಡಿಯನ್ನಿಟ್ಟು ತೆಗೆಸುತ್ತಿದ್ದ ಈ ಪಟದಲ್ಲಿ ಮುಖವೂ ಜಡೆಯೂ ಒಟ್ಟಿಗೆ ಕಾಣುವುವು. ಎದುರಿನಿಂದ ನೋಡುವ ಯಂತ್ರಕ್ಕೆ ಕಾಣದುದನ್ನು ಕಾಣಿಸಲು ಹೂಡಿದ ಈ ಉಪಾಯವು ಯಂತ್ರದ ಗುಣವಲ್ಲ. ಬೆಳಗಿನಿಂದ ಕುಳಿತು ಮೊಗ್ಗು ಪೋಣಿಸಿದ ತಾಯಿಯ ಶ್ರಮವೂ ಪಟದಲ್ಲಿ ಉಳಿಯಲೆಂಬ ಮಮತೆಯ ಫಲ. ಸೋಮೇಶ್ವರನು ಹೇಳಿದ ದರ್ಪಣಪ್ರತಿಬಿಂಬವೇ ಇಲ್ಲಿ ಭಾವಕ್ಕೆ ಸಾಧನವಾಯಿತು.

ಹೀಗೆ ಬಾಳಿನ ಘಟ್ಟಗಳನ್ನು ಸಾಲಾಗಿಟ್ಟು ಮನೆಯವರೇ ಕುಳಿತು ನೋಡುವ ಸನ್ನಿವೇಶವನ್ನು ಸಂಸ್ಕೃತ ಸಾಹಿತ್ಯದಲ್ಲಿ ಭವಭೂತಿಯಷ್ಟು ನಿಪುಣವಾಗಿ ಚಿತ್ರಿಸಿದವರಿಲ್ಲ. ‘ಉತ್ತರರಾಮಚರಿತ’ದ ಮೊದಲನೆಯ ಅಂಕದಲ್ಲಿ, ಗರ್ಭಿಣಿಯಾದ ಸೀತೆಯು ತಂದೆ ಹಿಂದಿರುಗಿ ಹೋದುದಕ್ಕಾಗಿ ಖಿನ್ನಳಾಗಿರಲು, ಲಕ್ಷ್ಮಣನು ರಾಮನ ಚರಿತ್ರೆಯನ್ನು ಬರೆಯಿಸಿದ ಚಿತ್ರಗಳನ್ನು ತೋರಿಸುವನು. ಮೂವರೂ ತಮ್ಮ ಬಾಳನ್ನೇ ಹೊರಗಿನಿಂದ ನೋಡುವರು. ಮಿಥಿಲೆಯ ವಿವಾಹದ ಚಿತ್ರದಲ್ಲಿ ಲಕ್ಷ್ಮಣನು ಸೀತೆಯನ್ನೂ ಮಾಂಡವಿಯನ್ನೂ ಶ್ರುತಕೀರ್ತಿಯನ್ನೂ ಹೆಸರಿಸಿ ಸುಮ್ಮನಾಗುವನು. ಉಳಿದ ಇನ್ನೊಬ್ಬಳಾರೆಂದು ಸೀತೆ ಕೇಳಿದಾಗ, ಅದು ತನ್ನ ಊರ್ಮಿಳೆಯನ್ನು ಕುರಿತ ಪ್ರಶ್ನೆಯೆಂದು ತಿಳಿದು ನಾಚಿ, ಪರಶುರಾಮನ ಕಡೆಗೆ ಮಾತನ್ನು ತಿರುಗಿಸುವನು. ಮುಂದೆ ಮಂಥರೆಯ ಚಿತ್ರವು ಬಂದಾಗ ರಾಮನು ಉತ್ತರಕೊಡದೆ ಬೇರೊಂದನ್ನು ತೋರಿಸುವನು. ನಡುವಣ ತಾಯಿಯ ವೃತ್ತಾಂತವನ್ನು ಅಣ್ಣನು ಮರೆಮಾಡಿದನೆಂದು ಲಕ್ಷ್ಮಣನು ತನ್ನಲ್ಲೇ ಅಂದುಕೊಳ್ಳುವನು.

ಈ ಎರಡು ಮೌನಗಳಲ್ಲಿ ಕುಟುಂಬಚಿತ್ರದ ರಹಸ್ಯವೆಲ್ಲ ಅಡಗಿರುವುದು. ಮೊದಲನೆಯದು ಲಜ್ಜೆಯ ಮೌನ, ಎರಡನೆಯದು ಕ್ಷಮೆಯ ಮೌನ. ಚಿತ್ರದಲ್ಲಿ ಊರ್ಮಿಳೆಯೂ ಇರುವಳು, ಮಂಥರೆಯೂ ಇರುವಳು. ಆದರೆ ಅವರನ್ನು ಹೇಳುವುದೂ ಬಿಡುವುದೂ ತೋರಿಸುವವನ ಕೈಯಲ್ಲಿರುವುದು. ಚಿತ್ರವು ರೂಪವನ್ನು ಕೊಟ್ಟಿತು. ಸಂಬಂಧವನ್ನು ಕೊಟ್ಟುದು ಮಾತು. ಶೂರ್ಪನಖಿಯ ಚಿತ್ರವನ್ನು ಕಂಡು ಸೀತೆ ಬೆದರಿದಾಗ ಇದು ಚಿತ್ರವಷ್ಟೇ ಎಂದು ಧೈರ್ಯ ಹೇಳಿದ ರಾಮನೇ ಜನಸ್ಥಾನದ ಚಿತ್ರದ ಮುಂದೆ ಕಣ್ಣೀರುಗರೆಯುವನು. ಜೊತೆಯಾಗಿ ಕುಳಿತು ನೋಡುವವರೂ ನೆನೆಯುವವರೂ ಇದ್ದುದರಿಂದಲೇ ಆ ವಿದ್ಧಚಿತ್ರವು ಭಾವಚಿತ್ರವಾಯಿತು.

ಭಾಸನ ಹೆಸರಿನಲ್ಲಿ ಪ್ರಸಿದ್ಧವಾದ ‘ಪ್ರತಿಮಾನಾಟಕ’ವು ಇದರ ಇನ್ನೊಂದು ಮುಖವನ್ನು ತೋರಿಸುವುದು. ಸೋದರಮಾವನ ಮನೆಯಿಂದ ಬಹುಕಾಲದ ಮೇಲೆ ಹಿಂದಿರುಗುವ ಭರತನು ಅಯೋಧ್ಯೆಯ ಹೊರಗೆ ಪ್ರತಿಮಾಗೃಹವನ್ನು ಹೊಗುವನು. ಅಲ್ಲಿರುವ ಮೂರ್ತಿಗಳು ತನ್ನ ವಂಶದವರವೇ ಆದರೂ ಅವನಿಗೆ ಗುರುತಾಗುವುದಿಲ್ಲ. ದಿಲೀಪ, ರಘು, ಅಜ ಎಂದು ದೇವಕುಲಿಕನು ಹೆಸರಿಸಬೇಕಾಯಿತು. ನಾಲ್ಕನೆಯ ಮೂರ್ತಿಯನ್ನು ಕಂಡು ಮನಸ್ಸು ಕದಡಲು, ಬದುಕಿರುವವರ ಪ್ರತಿಮೆಗಳನ್ನೂ ನಿಲ್ಲಿಸುವರೇ ಎಂದು ಕೇಳುವನು. ಇಲ್ಲ, ಗತಿಸಿದವರವನ್ನು ಮಾತ್ರವೆಂಬ ಉತ್ತರದಿಂದ ತಂದೆಯ ಮರಣವನ್ನು ತಿಳಿಯುವನು. ಮಗನು ತಂದೆಯ ಮೂರ್ತಿಯನ್ನು ಗುರುತಿಸಲಾರದೆ ಹೋದನೆಂಬುದು ಅಸಂಭಾವ್ಯವೆಂದು ತೋರಬಹುದು. ಆದರೆ ಅಜ್ಜನ ಅಜ್ಜಿಯ ಪಟವನ್ನು ಕೈಯಲ್ಲಿ ಹಿಡಿದು, ಇವರಾರೆಂದು ಹೇಳಲಾರದ ಮೊಮ್ಮಕ್ಕಳು ಇಂದು ಯಾವ ಬಡಾವಣೆಯಲ್ಲಿಯೂ ದುರ್ಲಭರಲ್ಲ. ಅವರಿಗೆ ದೇವಕುಲಿಕನಿಲ್ಲ ಎಂಬುದಷ್ಟೇ ವ್ಯತ್ಯಾಸ.

ಅದೇ ಕವಿಯದೆನ್ನುವ ‘ಸ್ವಪ್ನವಾಸವದತ್ತ’ದಲ್ಲಿ ಚಿತ್ರವು ಸತ್ತಳೆಂದು ತಿಳಿದವಳನ್ನು ಬದುಕಿಸುವುದು. ಮಗಳನ್ನು ಉದಯನನು ಕರೆದೊಯ್ದ ಮೇಲೆ ತಾಯಿತಂದೆಗಳು ವಧೂವರರ ಚಿತ್ರಗಳನ್ನು ಫಲಕದಲ್ಲಿ ಬರೆಯಿಸಿ ವಿವಾಹವನ್ನು ನೆರವೇರಿಸಿದ್ದರು. ಆ ಫಲಕವನ್ನು ಕಂಡ ಪದ್ಮಾವತಿಯು, ತನ್ನ ಬಳಿ ಆವಂತಿಕೆಯೆಂಬ ಹೆಸರಿನಿಂದಿರುವವಳ ಮುಖವನ್ನು ಅಲ್ಲಿ ಗುರುತಿಸಿದಳು. ನೆನೆಯುವುದು, ಅಗಲಿಕೆಯನ್ನು ತಿಳಿಯುವುದು, ಗುರುತಿಸುವುದು ಎಂಬ ಮೂರು ಪ್ರಯೋಜನಗಳು ಈ ಮೂರು ನಾಟಕಗಳಿಂದ ಸಿದ್ಧವಾದುವು. ಮೂರರಲ್ಲಿಯೂ ಬಲ್ಲವರೊಬ್ಬರು ಚಿತ್ರದ ಬಳಿಯಲ್ಲಿರುವರು.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ಕವಿಯ ಚಿತ್ರವು ಪ್ರತಿಭೆಯಿಂದಾದುದು, ಛಾಯಾಚಿತ್ರವು ಯಂತ್ರದಿಂದಾದುದು. ಆಯ್ಕೆಯಿಲ್ಲದ ಕಡೆ ರಸವೆಲ್ಲಿ, ಎಂದು. ಇದು ನಿಲ್ಲದು. ಗುಂಪಿನ ಪಟದಲ್ಲಿ ಯಜಮಾನನು ನಡುವಣ ಕುರ್ಚಿಯಲ್ಲಿ, ಮಕ್ಕಳು ಹಿಂದೆ ನಿಂತು, ಮೊಮ್ಮಕ್ಕಳು ಜಮಖಾನೆಯ ಮೇಲೆ ಕುಳಿತಿರುವ ವಿನ್ಯಾಸವೇ ಆಯ್ಕೆ. ಶುಭಕಾರ್ಯದ ಪಟಗಳಿಂದ ಗಂಡನನ್ನು ಕಳೆದುಕೊಂಡ ಅಜ್ಜಿಯು ದೂರ ಸರಿದು ನಿಂತುದೂ, ಅಡಿಗೆಮನೆಯಲ್ಲಿದ್ದ ಸೊಸೆಯು ಯಾವ ಪಟದಲ್ಲಿಯೂ ಇಲ್ಲದೆ ಹೋದುದೂ ಆಯ್ಕೆಯೇ. ಇವರು ಊರ್ಮಿಳೆಗಿಂತಲೂ ನಿರ್ಭಾಗ್ಯರು. ಅವಳು ಚಿತ್ರದಲ್ಲಾದರೂ ಇದ್ದಳು.

36 ಪಟಗಳ ಒಂದು ರೀಲನ್ನು ಹಬ್ಬದಿಂದ ಹಬ್ಬಕ್ಕೆ ಉಳಿಸಿಕೊಳ್ಳುತ್ತಿದ್ದ ಕಾಲದಲ್ಲಿ ಪಟಗಳು ಕೆಲವೇ ಆದರೂ ಅವುಗಳನ್ನು ನೋಡುವುದು ಒಂದು ಕಲಾಪವಾಗಿತ್ತು. ಈಗ ಹಸುಗೂಸನ್ನು ಬುಟ್ಟಿಯಲ್ಲಿ ಮಲಗಿಸಿ ತೆಗೆಸುವರು. ಮದುವೆಗೆ ಮುಂಚೆಯೇ ವಧೂವರರ ಪಟಗಳನ್ನು ತೆಗೆಸುವರು. ಮೊಬೈಲು ಫೋನಿನಲ್ಲಿ ಸಾವಿರಾರು ಪಟಗಳು ತುಂಬಿರುವುವು. ಇದು ದೂಷ್ಯವಲ್ಲ. ದೋಷವಿರುವುದು ಹಂಚಿಕೆಯಲ್ಲಿ. ಶೈಶವಕ್ಕೂ ವಿವಾಹಕ್ಕೂ ಪಟಗಳ ಪ್ರವಾಹ. ನಲವತ್ತರಿಂದ ಮುಂದಿನ ನಡುಬಾಳಿಗೆ ಬರ. ಮನೆಯ ಹಿರಿಯಳು ತೀರಿದ ದಿನ ಹಾರ ಹಾಕಲು ಒಂಟಿ ಪಟವಿಲ್ಲದೆ, ಯಾರದೋ ಮದುವೆಯ ಗುಂಪಿನಿಂದ ಮುಖವನ್ನು ಕತ್ತರಿಸಿ ದೊಡ್ಡದು ಮಾಡಿಸುವುದು ಅನೇಕ ಮನೆಗಳ ಅನುಭವ. ಆ ಪಟದ ಅಂಚಿನಲ್ಲಿ ಪಕ್ಕದವರ ಭುಜದ ತುಣುಕೊಂದು ಉಳಿದಿರುವುದುಂಟು. ಅರವತ್ತು ವರ್ಷ ಮನೆಯನ್ನು ನಡೆಸಿದವಳಿಗೆ ತನ್ನದೆಂಬ ಒಂದು ಚೌಕಟ್ಟು ಸಿಕ್ಕಿದ್ದು ಸತ್ತ ಮೇಲೆ, ಅದೂ ಎರವಲಾಗಿ.

ನಡುಬಾಳಿಗೂ ಪಟದ ಯೋಗ್ಯತೆಯುಂಟೆಂಬುದನ್ನು ಅಮೆರಿಕೆಯ ನಿಕೊಲಸ್ ನಿಕ್ಸನ್ ಎಂಬಾತನು ತೋರಿಸಿಕೊಟ್ಟಿರುವನು. ಆತನು ತನ್ನ ಪತ್ನಿಯನ್ನೂ ಅವಳ ಮೂವರು ಸೋದರಿಯರನ್ನೂ 1975ರಿಂದ ನಾಲ್ಕು ದಶಕಗಳಿಗೂ ಮೀರಿ ವರ್ಷಕ್ಕೊಂದರಂತೆ ಒಂದೇ ಸಾಲಿನ ಕ್ರಮದಲ್ಲಿ ನಿಲ್ಲಿಸಿ ತೆಗೆದ ಪಟಗಳಲ್ಲಿ ಹಬ್ಬವಿಲ್ಲ, ಒಡವೆಯಿಲ್ಲ, ಕಾಲವೊಂದೇ ವಸ್ತು. ಒಂದು ಪಟವನ್ನು ಬಿಡಿಯಾಗಿ ನೋಡಿದರೆ ವಿಶೇಷವೇನೂ ಕಾಣದು. ಸಾಲಾಗಿ ನೋಡಿದರೆ ಹೃದಯವು ಕಲಕುವುದು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರಗಳ ವಸ್ತುಸಂಗ್ರಹಾಲಯದಂಥ ಸಂಸ್ಥೆಗಳು ಹಳೆಯ ಪಟಗಳನ್ನು ರಕ್ಷಿಸಬಲ್ಲುವು; ಆದರೆ ಪಟದಲ್ಲಿರುವಾಕೆ ಯಾರ ಅತ್ತೆ, ಯಾರ ಓರಗಿತ್ತಿ ಎಂಬುದನ್ನು ಮನೆಯವರು ತಿಳಿಸದೆ ಅವು ತಿಳಿಯಲಾರವು.

ಆದುದರಿಂದ ನಿರ್ಣಯವಿದು. ಕನ್ನಡಿಗರು ವಿದ್ಧಚಿತ್ರಕ್ಕೆ ಭಾವಚಿತ್ರವೆಂದು ಹೆಸರಿಟ್ಟುದು ಪ್ರಮಾದವಲ್ಲ, ಅದೊಂದು ಹೊಣೆ. ಪಟದ ಬೆನ್ನಿನಲ್ಲಿ ಹೆಸರು, ಊರು, ವರ್ಷಗಳನ್ನು ಬರೆದಿಡುವುದು, ವರ್ಷಕ್ಕೊಮ್ಮೆ ಹಿರಿಯರನ್ನು ನಡುವೆ ಕೂರಿಸಿಕೊಂಡು ಅವುಗಳನ್ನು ನೋಡುವುದು, ಹಬ್ಬವಿಲ್ಲದ ದಿನವೂ ಮನೆಯ ನಡುವಯಸ್ಸಿನವರ ಪಟವನ್ನು ತೆಗೆಯುವುದು, ಇಷ್ಟರಿಂದ ಆ ಹೊಣೆಯು ತೀರುವುದು. ಭವಭೂತಿಯ ನಾಟಕದಲ್ಲಿ ಚಿತ್ರದರ್ಶನವು ಮುಗಿದು ಸೀತೆಯು ನಿದ್ರಿಸಿದೊಡನೆಯೇ ದುರ್ಮುಖನು ಬರುವನು, ಅಗಲಿಕೆ ಒದಗುವುದು. ಒಟ್ಟಿಗೆ ಕುಳಿತು ನೋಡುವ ಕಾಲವು ಅಲ್ಪವೆಂಬುದನ್ನು ಕವಿ ಬಲ್ಲನು.